ಬೋನ್ಸಾಯ್‌ಗೆ ಕುಂಡ ಮಾಡಿಸುತ್ತಿದ್ದೀರಾ? ಕೊಳ್ಳುವ ಮುಂಚೆ ಮಗುಚಿ ನೋಡಿ

2024ರ ಆಗಸ್ಟ್‌ನಲ್ಲಿ ನಮ್ಮ ಅಮ್ಮನ ಹುಣಸೆ ಗಿಡ ಸತ್ತುಹೋಯಿತು. 21 ವರ್ಷದ ಗಿಡ. ರೋಗ ಬಂದಿರಲಿಲ್ಲ, ಹುಳ ಬಿದ್ದಿರಲಿಲ್ಲ, ನೀರು ಹಾಕುವುದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಅದನ್ನು ಕೊಂದದ್ದು ನಾನೇ ಚಿತ್ರ ಬರೆದುಕೊಟ್ಟು, ದುಡ್ಡು ಕೊಟ್ಟು ಮಾಡಿಸಿದ ಕುಂಡ. ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

2003ರ ಬೇಸಿಗೆಯಲ್ಲಿ ಹೊಸ ಹುಣಸೆಹಣ್ಣು ಬಿಡಿಸುವಾಗ ಅಮ್ಮ ಒಂದು ಬೀಜವನ್ನು ಹಳೆಯ ಎಣ್ಣೆ ಡಬ್ಬದಲ್ಲಿ ಊರಿದ್ದಳು. ಅದು ಬೋನ್ಸಾಯ್ ಆದದ್ದು ಆಮೇಲೆ, ನಾನು ಕತ್ತರಿಸುವುದು, ತಂತಿ ಸುತ್ತುವುದು ಕಲಿತ ಮೇಲೆ. ಕಾಂಡ ದಪ್ಪವಾಗಿ, ತೊಗಟೆ ಒಡೆದು, ನಿಜವಾಗಿ ಹೊಲದ ಬದುವಿನ ಹಳೇ ಮರದ ಹಾಗೆ ಕಾಣುತ್ತಿತ್ತು. ಇಷ್ಟು ವರ್ಷ ಪ್ಲಾಸ್ಟಿಕ್ ಟ್ರೇಯಲ್ಲಿತ್ತು. ಒಳ್ಳೆಯ ಕುಂಡ ಮಾಡಿಸಬೇಕು ಅನ್ನಿಸಿತು. ‘ಬೋನ್ಸಾಯ್’ ಪದದಲ್ಲೇ ಕುಂಡ ಇದೆ: ಜಪಾನಿ ಭಾಷೆಯಲ್ಲಿ ‘ಬೋನ್’ ಅಂದರೆ ತಟ್ಟೆಯಂಥ ಪಾತ್ರೆ, ‘ಸಾಯ್’ ಅಂದರೆ ನೆಡುವುದು.

ಅಂಗಡಿಯ ಕುಂಡ ಬೇಡ, ಹೊಸ ರೀತಿಯದು ಬೇಕು ಅಂತ ನನ್ನ ಆಸೆ. ಚಾಮುಂಡಿ ಬೆಟ್ಟದ ಬಂಡೆಯ ಅಂಚಿನ ಹಾಗೆ ಒಂದು ಮೂಲೆ ಎದ್ದಿರಬೇಕು, ಒಂದು ಗೋಡೆ ಸ್ವಲ್ಪ ಒಳಕ್ಕೆ ವಾಲಿರಬೇಕು, ಹೊಳಪಿಲ್ಲದ ಹಸಿರು ಗ್ಲೇಜ್ (ಸುಟ್ಟಾಗ ಕರಗಿ ಗಾಜಿನ ಹಾಗೆ ಕೂರುವ ಲೇಪ). ಉದ್ದ 36 ಸೆಂಟಿಮೀಟರ್, ಅಗಲ 24, ಆಳ ಬರೀ 4. ಒಂದು ಸ್ಟುಡಿಯೊದವರು ಒಪ್ಪಿಕೊಂಡರು. ಜೊತೆಗೆ ಗೋಳಿ ಗಿಡಕ್ಕೆ ಒಂದು ದುಂಡನೆಯ ಕುಂಡ. ಎರಡಕ್ಕೂ ಸೇರಿ 9,500 ರೂಪಾಯಿ, ಮುಂಗಡ 5,000. ಎರಡೂ ಸ್ಟೋನ್‌ವೇರ್ (ಹೆಚ್ಚು ಶಾಖದಲ್ಲಿ ಸುಟ್ಟ, ನೀರು ಅಷ್ಟಾಗಿ ಕುಡಿಯದ ಗಟ್ಟಿ ಮಣ್ಣಿನದು) ಅಂದರು. ಐದು ತಿಂಗಳಾದ ಮೇಲೆ ಬಂತು.

ಹುಣಸೆಯ ಕುಂಡ ನೋಡಲು ಬಹಳ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಉದ್ದ 36 ಬದಲು 31.5 ಇತ್ತು. ಕೇಳಿದ್ದಕ್ಕೆ "ಸುಟ್ಟಾಗ ಮಣ್ಣು ಕುಗ್ಗುತ್ತೆ ಮೇಡಂ" ಅಂದರು. ಕುಗ್ಗುತ್ತದೆ, ನಿಜ. ಆದರೆ ಎಷ್ಟು ಕುಗ್ಗುತ್ತದೆ ಅಂತ ಲೆಕ್ಕ ಹಾಕಿ ಹಸಿಯಲ್ಲೇ ದೊಡ್ಡದಾಗಿ ಮಾಡಬೇಕಾದದ್ದು ಮಾಡುವವರ ಕೆಲಸ ಅಲ್ವಾ? ಅವರ ಮಣ್ಣು ನೂರಕ್ಕೆ 12ರಷ್ಟು ಕುಗ್ಗುವಂಥದ್ದು. ಹಸಿಯಲ್ಲಿ 36 ಕತ್ತರಿಸಿದ್ದಾರೆ, ಸುಟ್ಟ ಮೇಲೆ 31.5ರ ಹತ್ತಿರ ಬಂದು ನಿಂತಿದೆ. ಕೈಗೆ 36 ಬರಬೇಕಾದರೆ 36ನ್ನು 0.88ರಿಂದ ಭಾಗಿಸಬೇಕು, ಸುಮಾರು 41. ಹೊಸದಾಗಿ ಮಾಡುವವರು 36ಕ್ಕೆ ಅದರ ನೂರಕ್ಕೆ 12 ಸೇರಿಸಿ 40.3 ಅಂತ ಹಿಡಿಯುತ್ತಾರೆ, ಅದೂ ತಪ್ಪು.

ವಾಪಸ್ ಕೊಡಬೇಕಿತ್ತು. ಕೊಡಲಿಲ್ಲ. ಹಿಡಿಸುವುದಕ್ಕೆ ಅಂತ ಬೇರನ್ನು ಬೇಕಾದ್ದಕ್ಕಿಂತ ಜಾಸ್ತಿ ಕತ್ತರಿಸಿದೆ. ಗಿಡವನ್ನು ಕುಂಡಕ್ಕೆ ಬಿಗಿಯಲು ತಂತಿ ತೂರಿಸೋಣ ಅಂದರೆ ಸಣ್ಣ ತೂತುಗಳೇ ಇಲ್ಲ. ಮೇಲಿಂದ ದಾರ ಕಟ್ಟಿದೆ. ಗಾಳಿ ಬಂದಾಗಲೆಲ್ಲ ಗಿಡ ಅಲುಗಾಡುತ್ತಿತ್ತು. ಹೊಸ ಬೇರಿನ ತುದಿ ನೂಲಿಗಿಂತ ನಾಜೂಕು, ಅಲುಗಾಡಿದರೆ ತುಂಡಾಗುತ್ತದೆ.

ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಹುಣಸೆ ಎಲೆ ಸಂಜೆ ಮುಚ್ಚಿಕೊಂಡು ಬೆಳಿಗ್ಗೆ ಬಿಚ್ಚಿಕೊಳ್ಳುತ್ತದೆ, ಗೊತ್ತಲ್ಲ. ಒಂದು ಬೆಳಿಗ್ಗೆ ಒಂಬತ್ತಾದರೂ ಒಂದು ಕೊಂಬೆಯ ಎಲೆ ಬಿಚ್ಚಿರಲಿಲ್ಲ. ಮಾರನೇ ದಿನ ಎರಡು ಕೊಂಬೆ. ಆಮೇಲೆ ಮುಟ್ಟಿದರೆ ಎಲೆ ಉದುರತೊಡಗಿತು. ನೀರು ಸಾಲದೇನೋ ಅಂತ ಅಮ್ಮ ಇನ್ನಷ್ಟು ಹಾಕಿದಳು. ಅವಳದೇನು ತಪ್ಪು, ಬಾಡಿದ ಗಿಡಕ್ಕೆ ಯಾರಾದರೂ ನೀರೇ ಹಾಕುತ್ತಾರೆ.

ಗಿಡವನ್ನು ಹೊರಕ್ಕೆ ತೆಗೆಯಲು ಹೋದರೆ ಬರಲಿಲ್ಲ. ಒಳಕ್ಕೆ ವಾಲಿದ ಆ ಗೋಡೆ ಬೇರಿನ ಮುದ್ದೆಯನ್ನು ಹಿಡಿದುಕೊಂಡಿತ್ತು. ನಾನೇ ಆಸೆಪಟ್ಟು ಬರೆದ ಗೋಡೆ. ಚಾಕು ಹಾಕಿ ಸುತ್ತ ಕೊಯ್ದು ಎತ್ತಿದೆ. ಕೆಳಗಿನಿಂದ ಕಟ್ಟಿಕೊಂಡ ಚರಂಡಿಯ ವಾಸನೆ ಬಂತು. ಬೇರು ಕಪ್ಪಗಾಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂದು, ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಏನೂ ಹೇಳದೆ ಒಳಗೆ ಹೋದಳು.

ಕುಂಡ ತೊಳೆದು ಸಮವಾದ ಕಲ್ಲಿನ ಮೇಲಿಟ್ಟು ಒಂದು ಲೋಟ ನೀರು ಹೊಯ್ದೆ. ಅರ್ಧ ಲೋಟ ಹರಿದುಹೋಯಿತು. ಉಳಿದರ್ಧ ನಡುವೆ ಅಂಗೈಯಗಲ ನಿಂತಿತ್ತು. ಇದನ್ನು ಕುಂಡ ಬಂದ ದಿನವೇ ಮಾಡಿದ್ದರೆ ಒಂದು ನಿಮಿಷ ಹಿಡಿಯುತ್ತಿತ್ತು.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ವಾರಾಂತ್ಯದ ಸೆರಾಮಿಕ್ ತರಗತಿಗೆ ಸೇರಿ ತಿಳಿದುಕೊಂಡೆ. ಸ್ಟೋನ್‌ವೇರ್ ಸುಡುವುದು 1200ರಿಂದ 1280 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಅಷ್ಟು ಶಾಖದಲ್ಲಿ ಮಣ್ಣು ಸ್ವಲ್ಪ ಮೆತ್ತಗಾಗುತ್ತದೆ. ಅಗಲವಾದ ಕುಂಡಕ್ಕೆ ನಾಲ್ಕು ಮೂಲೆಯಲ್ಲಿ ಮಾತ್ರ ಕಾಲಿದ್ದರೆ ನಡುಭಾಗ ತನ್ನ ಭಾರಕ್ಕೆ ತಾನೇ ಜೋಲುತ್ತದೆ, ಹಳೇ ಹಗ್ಗದ ಮಂಚದ ಹಾಗೆ. ನನ್ನ ಕುಂಡದಲ್ಲಿ ನೀರು ಹೋಗುವ ಎರಡು ತೂತು ಇದ್ದದ್ದು ಎರಡು ತುದಿಯಲ್ಲಿ. ತಳ ಜೋತ ಮೇಲೆ ತೂತು ಮೇಲಾಯಿತು, ನಡುವೆ ಹೊಂಡವಾಯಿತು. ಗೊತ್ತಿರುವವರು ತಳದ ನಡುವೆ ಇನ್ನೊಂದು ಕಾಲು ಕೊಡುತ್ತಾರೆ, ಇಲ್ಲವೇ ಸುಡುವಾಗ ಅದೇ ಮಣ್ಣಿನ ಆಸರೆ ಇಡುತ್ತಾರೆ. ಅದೇ ಮಣ್ಣೇ ಯಾಕೆ ಅಂದರೆ ಎರಡೂ ಒಟ್ಟಿಗೆ ಕುಗ್ಗಬೇಕು, ಇಲ್ಲದಿದ್ದರೆ ತಳ ಬಿರುಕು ಬಿಡುತ್ತದೆ. ತೂತು ಕಿರುಬೆರಳೂ ಹೋಗದಷ್ಟು ಚಿಕ್ಕದಿತ್ತು, ಅದು ಇನ್ನೊಂದು. ಈ ಅಳತೆಯ ಕುಂಡಕ್ಕೆ ಹೆಬ್ಬೆರಳು ಸಲೀಸಾಗಿ ತೂರಬೇಕು.

ಆಳದ ವಿಷಯದಲ್ಲಿ ತಪ್ಪು ನನ್ನದೇ. ತೆಳ್ಳಗಿದ್ದರೆ ಚೆಂದ ಅಂದುಕೊಂಡೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ನೆನೆಸಿ, ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಕುಂಡದಲ್ಲೂ ಹೀಗೇ. ತೂತು ಎಷ್ಟೇ ಇರಲಿ, ತಳದ ಒಂದಷ್ಟು ಎತ್ತರ ಒದ್ದೆಯಾಗಿಯೇ ಉಳಿಯುತ್ತದೆ. ಅದು ಎಷ್ಟು ಅನ್ನುವುದು ಮಣ್ಣಿನ ಮಿಶ್ರಣದ ಮೇಲಿದೆ, ಕುಂಡದ ಆಳದ ಮೇಲಲ್ಲ. ಹಾಗಾಗಿ 10 ಸೆಂಟಿಮೀಟರ್ ಕುಂಡದಲ್ಲಿ ಕೆಳಗಿನ ಸ್ವಲ್ಪ ಭಾಗ ಒದ್ದೆಯಿದ್ದರೆ, 4 ಸೆಂಟಿಮೀಟರ್ ಕುಂಡದಲ್ಲಿ ಬೇರಿನ ಬಹುಪಾಲು ಒದ್ದೆಯಲ್ಲೇ ಕೂತಿರುತ್ತದೆ. ಹುಣಸೆಯಂಥ ಒಣನೆಲದ ಮರಕ್ಕೆ ಅದು ಆಗುವುದಿಲ್ಲ. ತೆಳ್ಳನೆಯ ಕುಂಡವೇ ಬೇಕಾದರೆ ದಪ್ಪ ಹರಳಿನ ಮಿಶ್ರಣ ಹಾಕಿ, ತಳ ಸಮವಾಗಿದೆ ಅಂತ ಖಾತ್ರಿ ಮಾಡಿಕೊಳ್ಳಿ.

ಬೆಂಗಳೂರಿನ ಗೆಳತಿಯ ಮನೆಯಲ್ಲಿ ಜಪಾನಿನ ಟೊಕೊನಾಮೆಯ ಒಂದು ಹಳೆಯ ಕುಂಡವಿದೆ. ಐಚಿ ಪ್ರಾಂತ್ಯದ ಆ ಊರು ಬೋನ್ಸಾಯ್ ಕುಂಡಕ್ಕೆ ಹೆಸರಾದದ್ದು, ಆ ದೇಶದ ಆರು ಪ್ರಾಚೀನ ಕುಂಬಾರಿಕೆ ಕೇಂದ್ರಗಳಲ್ಲಿ ಒಂದು. ಗಿಡ ಬದಲಿಸುವ ದಿನ ಹೋಗಿ ಅದನ್ನು ಮಗುಚಿ ನೋಡಿದೆ. ತಳ ಮಣೆಯಷ್ಟು ಸಮ. ದೊಡ್ಡ ತೂತುಗಳ ಪಕ್ಕ ತಂತಿಗೆ ಬೇರೆ ಸಣ್ಣ ತೂತು. ಒಳಗೆ ಗ್ಲೇಜ್ ಇಲ್ಲ, ಮುಟ್ಟಿದರೆ ತರಿತರಿ. ಹೊರಗೆ ಒಂದು ಗೀರೂ ಅಲಂಕಾರವಿಲ್ಲ. ಅಷ್ಟು ಯೋಚನೆ ತಳಕ್ಕೆ ಹೋಗಿತ್ತು. ನನಗೆ ಅಲ್ಲೇ ಕಣ್ಣು ತುಂಬಿತು.

ನನ್ನ ಕುಂಡದ ಒಳಗೂ ಹಸಿರು ಗ್ಲೇಜ್ ಬಳಿದಿದ್ದರು. ಆ ಹಸಿರು ಕಾಪರ್‌ನದು. ಗ್ಲೇಜ್ ಸರಿಯಾಗಿ ಕರಗಿ ಕೂತಿರದಿದ್ದರೆ, ಅಥವಾ ಕಾಪರ್ ಜಾಸ್ತಿಯಾಗಿದ್ದರೆ ಅದು ನೀರಿಗೆ ಬಿಟ್ಟುಕೊಳ್ಳಬಹುದು. ಬೇರಿಗೆ ಕಾಪರ್ ಆಗದು. ನರ್ಸರಿಗಳಲ್ಲಿ ಬೇರು ಸುತ್ತಿಕೊಂಡು ಬೆಳೆಯದಿರಲಿ ಎಂದೇ ಕುಂಡದ ಒಳಗೆ ಕಾಪರ್ ಬಳಿಯುವುದುಂಟು. ನನ್ನ ಗಿಡ ಕಾಪರ್‌ನಿಂದ ಸತ್ತಿತು ಅಂತ ನಾನು ಹೇಳುವುದಿಲ್ಲ, ಪರೀಕ್ಷೆ ಮಾಡಿಸಿಲ್ಲ. ಆದರೆ ಒಂದು ನಿಂಬೆ ಹೋಳನ್ನು ರಾತ್ರಿಯಿಡೀ ಆ ಗ್ಲೇಜ್ ಮೇಲೆ ಬೋರಲು ಹಾಕಿದ್ದೆ. ಬೆಳಿಗ್ಗೆ ಆ ಜಾಗ ದುಂಡಗೆ ಬಿಳಚಿಕೊಂಡಿತ್ತು. ಅಂಥ ಗ್ಲೇಜ್ ಹೊರಗಿರಲಿ, ಬೇರು ತಾಗುವ ಕಡೆ ಬೇಡ.

ದುಂಡನೆಯ ಕುಂಡದ್ದು ಬೇರೆ ಕಥೆ. ಮೊದಲ ಮೂರು ವಾರ ಚೆನ್ನಾಗಿತ್ತು. ಆಮೇಲೆ ಗೋಡೆಯಿಂದ ಉಗುರಿನಷ್ಟು ಚಕ್ಕೆಗಳು ತಾವಾಗಿಯೇ ಎದ್ದು ಬೀಳತೊಡಗಿದವು. ಪ್ರತಿ ಗುಳಿಯ ನಡುವೆ ಸಾಸಿವೆಯಷ್ಟು ಬಿಳಿ ಚುಕ್ಕೆ. ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ವಯಸ್ಸಾದ ಕುಂಬಾರರೊಬ್ಬರಿಗೆ ಒಂದು ಚಕ್ಕೆ ತೋರಿಸಿದೆ. ಉಗುರಲ್ಲಿ ಕೆರೆದು ನೋಡಿ, "ಸುಣ್ಣದ ಹರಳು ಕಣಮ್ಮ. ಮಣ್ಣು ಸೋಸಿಲ್ಲ ಅವರು" ಅಂದರು. ಮಣ್ಣಿನಲ್ಲಿ ಸುಣ್ಣಕಲ್ಲಿನ ಚೂರು ಉಳಿದರೆ ಸುಟ್ಟಾಗ ಸುಟ್ಟ ಸುಣ್ಣವಾಗುತ್ತದೆ. ಆಮೇಲೆ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಮೇಲಿನ ಮಣ್ಣನ್ನು ಒಡೆದುಕೊಂಡು ಬರುತ್ತದೆ. ಮನೆಯಲ್ಲಿ ಸುಣ್ಣ ಅರಳಿಸುವಾಗ ನೋಡಿದ್ದೇವಲ್ಲ, ಅದೇ. ಕೆಸರು ಮಾಡಿ ಸಣ್ಣ ಜರಡಿಯಲ್ಲಿ ಸೋಸಿದ್ದರೆ ಆಗುತ್ತಿರಲಿಲ್ಲ.

ಅದು ಸ್ಟೋನ್‌ವೇರ್ ಕೂಡ ಅಲ್ಲ. ಒಣಗಿದಾಗ 900 ಗ್ರಾಂ ಇತ್ತು, ಒಂದು ದಿನ ನೀರಲ್ಲಿ ಮುಳುಗಿಸಿಟ್ಟ ಮೇಲೆ 1,010. ಅಂದರೆ ತನ್ನ ತೂಕದ ನೂರಕ್ಕೆ 12ರಷ್ಟು ನೀರು ಕುಡಿದಿದೆ. ಸರಿಯಾಗಿ ಬೆಂದ ಸ್ಟೋನ್‌ವೇರ್ ನೂರಕ್ಕೆ 2-3 ದಾಟಬಾರದು. ಇದು ಕಡಿಮೆ ಶಾಖದಲ್ಲಿ ಸುಟ್ಟ ಮಾಮೂಲಿ ಮಣ್ಣಿನ ಕುಂಡ, ಟೆರಾಕೋಟಾ. ಟೆರಾಕೋಟಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನಮ್ಮ ಹವೆಗೆ ಅದು ಒಳ್ಳೆಯದೇ. ಅದನ್ನು ಸ್ಟೋನ್‌ವೇರ್ ಅಂತ ಹೇಳಿ ಆ ಬೆಲೆಗೆ ಮಾರಬಾರದು. ಹಿಮ ಬೀಳುವ ದೇಶದಲ್ಲಿರುವ ನಮ್ಮವರು ಇದನ್ನು ಇನ್ನೂ ಗಟ್ಟಿಯಾಗಿ ನೋಡಿಕೊಳ್ಳಬೇಕು. ಕುಡಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕುಂಡ ಒಂದೇ ಚಳಿಗಾಲಕ್ಕೆ ಸೀಳುತ್ತದೆ.

ಸ್ಟುಡಿಯೊಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ: "ಹ್ಯಾಂಡ್‌ಮೇಡ್ ಅಂದ್ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ ಮೇಡಂ." ದುಡ್ಡು ವಾಪಸ್ ಬರಲಿಲ್ಲ. ಈ ಮಾತು ನನಗೆ ತುಂಬಾ ನೋವು ಕೊಟ್ಟಿತು. ಗೋಡೆಯ ಮೇಲೆ ಬೆರಳ ಗುರುತು ಇರಲಿ, ಬಣ್ಣ ಅಲ್ಲಲ್ಲಿ ಬದಲಾಗಿರಲಿ, ಅದಕ್ಕೇ ಅಲ್ವಾ ನಾವು ಕೈಕೆಲಸದವರ ಹತ್ತಿರ ಹೋಗುವುದು. ನೀರು ಹೋಗದ ತಳವನ್ನು ಆ ಲೆಕ್ಕಕ್ಕೆ ಸೇರಿಸಬಾರದು. ಚೆನ್ನಾಗಿ ಮಾಡುವ ಎಷ್ಟೋ ಕುಂಬಾರರಿಗೆ ಇದರಿಂದ ಕೆಟ್ಟ ಹೆಸರು.

ಮುಂಗಡ ಕೊಡುವ ಮುಂಚೆ ಸುಟ್ಟ ಮೇಲಿನ ಅಳತೆಯನ್ನೇ ಬರೆಸಿಕೊಳ್ಳಿ. ತೂತಿನ ಅಳತೆ, ತಂತಿ ತೂತು, ಒಳಗೆ ಗ್ಲೇಜ್ ಬೇಡ ಅನ್ನುವುದನ್ನೂ ಬರೆಯಿರಿ. ಮಣ್ಣು ಅರೆ ಒಣಗಿದ ಹಂತದಲ್ಲಿ ಒಂದು ಫೋಟೋ ಕೇಳಿ, ಮೇಲಿನದಲ್ಲ, ಮಗುಚಿದ್ದು. ಆ ಹಂತದಲ್ಲಿ ತೂತು ದೊಡ್ಡದು ಮಾಡುವುದು ಎರಡು ನಿಮಿಷದ ಕೆಲಸ. ನೀವೇ ಮಾಡುತ್ತಿದ್ದರೆ ಇನ್ನೊಂದು ಮಾತು: ಒಣಗಿದ, ಇನ್ನೂ ಸುಡದ ಕುಂಡವನ್ನು ಮರಳು ಕಾಗದದಲ್ಲಿ ಉಜ್ಜಬೇಡಿ. ಆ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಒದ್ದೆ ಸ್ಪಂಜಿನಿಂದ ಒರೆಸಿ ನಯ ಮಾಡಿ.

ಇಂಥ ಕುಂಡ ಈಗಾಗಲೇ ಮನೆಗೆ ಬಂದಿದ್ದರೆ, ಟೈಲ್ಸ್ ಕೆಲಸದವರ ಹತ್ತಿರ ಡೈಮಂಡ್ ಬಿಟ್ ಇರುತ್ತದೆ. ತಳದ ಕೆಳಗೆ ಮರದ ತುಂಡು ಒತ್ತಿಟ್ಟು, ನೀರು ಬಿಡುತ್ತಾ, ನಿಧಾನವಾಗಿ ಹೊಂಡದ ನಡುವೆ ತೂತು ಕೊರೆಸಿ. ಸುತ್ತಿಗೆಯ ಹಾಗೆ ಹೊಡೆಯುವ ಡ್ರಿಲ್ ಮಾತ್ರ ಬೇಡ, ಒಡೆದುಹೋಗುತ್ತದೆ. ನನ್ನದಕ್ಕೂ ಹಾಗೇ ಕೊರೆಸಿದೆ. ಈಗ ಒಂದು ಲೋಟ ಹೊಯ್ದರೆ ಒಂದು ಚಮಚವೂ ನಿಲ್ಲುವುದಿಲ್ಲ. ಒಳಗಿನ ಗ್ಲೇಜ್ ಇನ್ನೂ ಹಾಗೇ ಇದೆ, ಅದಕ್ಕೆ ಗಿಡ ಇಟ್ಟಿಲ್ಲ.