ಬೆನ್ನು ನೋವಿಗೆ ಸರ್ಕಾರಿ ದವಾಖಾನೆಯೋ, ಖಾಸಗಿಯೋ: ಕಲಬುರಗಿಯಲ್ಲಿ ಮೂರು ವರ್ಷ ಎರಡನ್ನೂ ಬಳಸಿದ ಮೇಲೆ

ನಾನು ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮೂರು ವರ್ಷದ ಹಿಂದೆ, ತೊಗರಿ ಸುಗ್ಗಿಯಲ್ಲಿ ದಿನಕ್ಕೆ ಹತ್ತು ಹನ್ನೊಂದು ಗಂಟೆ ಕುಳಿತಲ್ಲೇ ಕುಳಿತಿದ್ದಾಗ, ಸೊಂಟದಿಂದ ಎಡಗಾಲಿನ ಮೀನಖಂಡದವರೆಗೆ ಇಳಿಯುವ ನೋವು ಆರಂಭವಾಯಿತು.

ಮೊದಲು ಹೋದದ್ದು ಖಾಸಗಿ ಆಸ್ಪತ್ರೆಗೆ. ಅಲ್ಲಿನ ವೇಗವನ್ನು ಮೆಚ್ಚಲೇಬೇಕು. ಬೆಳಿಗ್ಗೆ ತೋರಿಸಿದರೆ ಸಂಜೆಯೊಳಗೆ ಎಂ.ಆರ್.ಐ. ವರದಿ ಕೈಯಲ್ಲಿತ್ತು. ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ (ಎಲ್4–ಎಲ್5) ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿ ನರವನ್ನು ಒತ್ತುತ್ತಿದೆ ಎಂದು ಹೇಳಿದ ವೈದ್ಯರು, ನನ್ನ ಕಾಲಿನ ಬಲವನ್ನು ಒಮ್ಮೆಯೂ ಪರೀಕ್ಷಿಸದೆ, ಅದೇ ವಾರ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಸೂಚಿಸಿ 1,60,000 ರೂಪಾಯಿಯ ಅಂದಾಜು ಬರೆದುಕೊಟ್ಟರು. ಆ ಚೀಟಿಯೇ ನನ್ನನ್ನು ಸರ್ಕಾರಿ ದವಾಖಾನೆಯ ಸಾಲಿಗೆ ಕಳಿಸಿತು.

ಸಾಲಿನಲ್ಲಿ ಮೂರು ಗಂಟೆ ನಿಲ್ಲಬೇಕಾಯಿತು. ಬೆನ್ನು ನೋವಿನವರಿಗೆ ಕೂರಲು ಒಂದು ಬೆಂಚೂ ಖಾಲಿ ಇರದ ಆ ಕಾಯುವಿಕೆ ನಿಜಕ್ಕೂ ಕಠಿಣ. ಆದರೆ ಒಳಗೆ ಕಿರಿಯ ವೈದ್ಯರೊಬ್ಬರು ನನ್ನನ್ನು ಮಲಗಿಸಿ, ಕಾಲನ್ನು ನೇರವಾಗಿ ಮೇಲೆತ್ತಿ, ಹೆಬ್ಬೆರಳಿನ ಬಲವನ್ನೂ ಪಾದದ ಸ್ಪರ್ಶವನ್ನೂ ನೋಡಿದರು. ಬಲ ಕುಗ್ಗಿಲ್ಲವಾದ್ದರಿಂದ ಅವಸರ ಬೇಡ, ಇಂಥ ನೋವು ಹೆಚ್ಚಿನವರಲ್ಲಿ ಆರರಿಂದ ಹನ್ನೆರಡು ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಇಳಿಯುತ್ತದೆ, ನೋವೇ ಇಲ್ಲದವರ ಎಂ.ಆರ್.ಐ.ಯಲ್ಲೂ ಇಂಥ ಉಬ್ಬು ಕಾಣುತ್ತದೆ ಎಂದು ಹಿರಿಯ ವೈದ್ಯರು ವಿವರಿಸಿದರು. ಹಾಸಿಗೆ ಹಿಡಿಯದೆ ನಡೆದಾಡಬೇಕೆಂದೂ ಹೇಳಿ ಫಿಸಿಯೋಥೆರಪಿಗೆ ಬರೆದುಕೊಟ್ಟರು.

ಲೆಕ್ಕದವನಾದ ನನಗೆ ನಿಜವಾದ ಖರ್ಚು ತಿಳಿದದ್ದು ಇಲ್ಲಿ. ಸರ್ಕಾರಿ ಫಿಸಿಯೋಥೆರಪಿಗೆ ಕೊಡುವ ಹಣ ತೀರಾ ಕಡಿಮೆ, ಆದರೆ ಪ್ರತಿ ಸಲ ಅರ್ಧ ದಿನದ ಪಗಾರ 350 ರೂಪಾಯಿ ಹೋಗುತ್ತಿತ್ತು. ಮನೆಯ ಹತ್ತಿರದ ಖಾಸಗಿ ಕೇಂದ್ರದಲ್ಲಿ ಸಂಜೆ ಏಳಕ್ಕೆ ಹೋದರೆ 300 ರೂಪಾಯಿ, ಕೆಲಸ ತಪ್ಪುವುದಿಲ್ಲ. ಆರು ಸಲದ ನಂತರ ಅಲ್ಲಿಗೆ ಬದಲಾಯಿಸಿಕೊಂಡೆ. ವೈದ್ಯರ ತಪಾಸಣೆಯನ್ನು ಮಾತ್ರ ಸರ್ಕಾರಿಯಲ್ಲೇ ಮುಂದುವರಿಸಿದೆ. "ನೋವು ಕಮ್ಮಿ ಆಗ್ಯಾದಂತ ಬಿಡಬ್ಯಾಡ್ರಿ ಅಣ್ಣಾರೆ" ಎಂದು ಆ ಕೇಂದ್ರದ ಹುಡುಗಿ ಪ್ರತಿ ಸಂಜೆ ಎಚ್ಚರಿಸದಿದ್ದರೆ ನಾನು ಮೂರನೇ ವಾರಕ್ಕೇ ನಿಲ್ಲಿಸುತ್ತಿದ್ದೆ. ಸರ್ಕಾರಿಯಲ್ಲಿ ಪ್ರತಿ ಸಲ ಬೇರೆ ವೈದ್ಯರು ಸಿಗುವುದರಿಂದ ಎಲ್ಲ ಚೀಟಿಗಳನ್ನೂ ಒಂದೇ ಫೈಲಿನಲ್ಲಿ ದಿನಾಂಕದ ಕ್ರಮದಲ್ಲಿ ಇಡುವುದು ಅನಿವಾರ್ಯ.

ಆ ಫೈಲಿಗೆ ಇನ್ನೊಂದು ಬೆಲೆಯೂ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆಯಾದರೂ, ಅದು ಒಳರೋಗಿ ಚಿಕಿತ್ಸೆಗೆ. ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಲು, ತುರ್ತು ಸಂದರ್ಭ ಬಿಟ್ಟರೆ, ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಸೇಡಂ, ವಾಡಿ ಕಡೆಯ ಕಾರ್ಖಾನೆಗಳಲ್ಲಿ 21,000 ರೂಪಾಯಿಯೊಳಗಿನ ಸಂಬಳಕ್ಕೆ ದುಡಿಯುವವರು ತಮಗೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಇದೆಯೇ ಎಂದು ಮೊದಲು ನೋಡಿಕೊಳ್ಳಲಿ. ಸೇಡಂ ರಸ್ತೆಯ ಇ.ಎಸ್.ಐ. ಆಸ್ಪತ್ರೆ ಅವರ ಹಕ್ಕಿನದು.

ಒಂದು ಸಂದರ್ಭದಲ್ಲಿ ಮಾತ್ರ ಈ ಯಾವ ಲೆಕ್ಕವನ್ನೂ ಹಾಕುತ್ತಾ ಕೂರಬಾರದು. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿನ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ, ನರದ ಶಸ್ತ್ರಚಿಕಿತ್ಸಕರು ಅದೇ ರಾತ್ರಿ ಸಿಗುವ ಕಡೆಗೆ ಹೊರಡಬೇಕು. ಅಲ್ಲಿ ತಡವಾದ ಗಂಟೆಗಳು ಮರಳಿ ಬರುವುದಿಲ್ಲ.

ನನಗೆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಕಾಲಿನ ನೋವು ಒಂಬತ್ತನೇ ವಾರಕ್ಕೆ ನಿಂತಿತು. ಸುಗ್ಗಿಯಲ್ಲಿ ಸೊಂಟ ಈಗಲೂ ಬಿಗಿಯುತ್ತದೆ, ಆಗ ಮುಕ್ಕಾಲು ಗಂಟೆಗೊಮ್ಮೆ ಎದ್ದು ಗಂಜಿನ ಗೇಟಿನವರೆಗೆ ನಡೆದು ಬರುತ್ತೇನೆ. ಸಾವುಕಾರರು ಇದಕ್ಕೆ ಬೇಡ ಎಂದಿಲ್ಲ.