ಟಿಎಫ್‌ಎಸ್‌ಎ ಒಳಗೆ ಎರಡು ಫಂಡ್: ಏಳು ವರ್ಷ ಇಟ್ಟು ನೋಡಿದ ಮೇಲೆ

2016ರಲ್ಲಿ ಕೆನಡಾದ ಮಿಸ್ಸಿಸಾಗಾಕ್ಕೆ ಬಂದ ವರ್ಷವೇ ಬ್ಯಾಂಕಿನಲ್ಲಿ, ಗಳಿಕೆಗೆ ತೆರಿಗೆಯಿಲ್ಲದ ಉಳಿತಾಯ ಖಾತೆಯಾದ ಟಿಎಫ್‌ಎಸ್‌ಎ ತೆರೆದೆ. ಅಲ್ಲಿನ ಸಲಹೆಗಾರರು ಷೇರು, ಬಾಂಡ್ ಎರಡೂ ಬೆರೆತ ತಮ್ಮದೇ ಬ್ಯಾಲೆನ್ಸ್ಡ್ ಮ್ಯೂಚುವಲ್ ಫಂಡ್ ತೋರಿಸಿದರು. ಖಾತೆಗೆ ಹಾಕಬಹುದಾದ ಮೂರು ವರ್ಷದ ಮಿತಿ 16,500 ಡಾಲರ್ ಪೂರ್ತಿ ಅದಕ್ಕೇ ಹಾಕಿದೆ. ವರ್ಷಕ್ಕೆ ಸುಮಾರು ಶೇ. 2 ಶುಲ್ಕ ಹೋಗುತ್ತದೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇದು ಈಗಲೂ ನನಗೆ ಬೇಸರದ ವಿಷಯ.

2019ರಿಂದ ಹೊಸ ಹಣವನ್ನೆಲ್ಲ ಬೇರೆ ಕಡೆ ತೆರೆದ ಟಿಎಫ್‌ಎಸ್‌ಎಯಲ್ಲಿ ವ್ಯಾನ್‌ಗಾರ್ಡ್‌ನ ವಿಬಿಎಎಲ್ ಎಂಬ ಇಟಿಎಫ್‌ಗೆ (ಷೇರಿನಂತೆ ಮಾರುಕಟ್ಟೆಯಲ್ಲಿ ಕೊಳ್ಳುವ ಫಂಡ್) ಹಾಕತೊಡಗಿದೆ. ಆಗ ಅದರ ಒಟ್ಟು ಶುಲ್ಕ ಸುಮಾರು ಶೇ. 0.24. ಷೇರು 60, ಬಾಂಡ್ 40. ಬ್ಯಾಂಕಿನ ಫಂಡ್‌ನದ್ದೂ ಹೆಚ್ಚುಕಡಿಮೆ ಇದೇ ಪಾಲು. ಪೂರ್ತಿ ಷೇರಿನ ಫಂಡನ್ನು ಬ್ಯಾಲೆನ್ಸ್ಡ್ ಫಂಡ್ ಪಕ್ಕ ಇಟ್ಟು ಅಳೆದರೆ ಅದು ಹೋಲಿಕೆಯೇ ಅಲ್ಲ, ಅಲ್ವಾ?

ಹೋಲಿಸುವಾಗ ಮೊದಮೊದಲು ಎಡವಿದೆ. ಬರೀ ಬೆಲೆಯ ಗ್ರಾಫ್ ನೋಡುತ್ತಿದ್ದೆ. ಇಟಿಎಫ್ ಮೂರು ತಿಂಗಳಿಗೊಮ್ಮೆ ಕೊಡುವ ಹಣ ಅದರಲ್ಲಿ ಕಾಣುವುದಿಲ್ಲ. ಬ್ಯಾಂಕಿನ ಫಂಡ್ ತನ್ನ ಅಂಥ ಹಣಕ್ಕೆ ತಾನೇ ಇನ್ನಷ್ಟು ಯೂನಿಟ್ ಕೊಳ್ಳುತ್ತಿತ್ತು. ವರ್ಷಕ್ಕೊಮ್ಮೆ ಬರುವ ವರದಿಯಲ್ಲಿರುವ 'ನಿಮ್ಮ ಗಳಿಕೆ' ಕೂಡ ಫಂಡಿನ ಗಳಿಕೆ ಅಲ್ಲ. ನೀವು ಯಾವಾಗ ಎಷ್ಟು ಹಾಕಿದಿರಿ ಅನ್ನುವುದೂ ಅದರಲ್ಲಿ ಸೇರಿರುತ್ತದೆ. ಫಂಡಿಗೆ ಫಂಡು ಹೋಲಿಸಲು, ಬಂದ ಹಣವನ್ನೆಲ್ಲ ಮತ್ತೆ ಹಾಕಿದ ಲೆಕ್ಕದಲ್ಲಿ ಒಂದೇ ಅವಧಿಯ ಒಟ್ಟು ಗಳಿಕೆ ನೋಡಬೇಕು.

ಹಾಗೆ ನೋಡಿದಾಗ ಎರಡೂ ಜೊತೆಯಲ್ಲೇ ಏರಿವೆ, ಜೊತೆಯಲ್ಲೇ ಇಳಿದಿವೆ. 2022ರಲ್ಲಿ ಷೇರು, ಬಾಂಡ್ ಎರಡೂ ಬಿದ್ದವು. ವಿಬಿಎಎಲ್ ಶೇ. 10ಕ್ಕೂ ಜಾಸ್ತಿ ಕುಸಿಯಿತು, ಬ್ಯಾಂಕಿನದ್ದೂ ನನ್ನನ್ನು ಕಾಪಾಡಲಿಲ್ಲ. ಏಳು ವರ್ಷದಲ್ಲಿ ಉಳಿದ ಅಂತರ ಹೆಚ್ಚುಕಡಿಮೆ ಶುಲ್ಕದ ಅಂತರವೇ. 20,000 ಡಾಲರ್‌ಗೆ ಲೆಕ್ಕ ಹಾಕಿ: ಒಂದು ಕಡೆ ವರ್ಷಕ್ಕೆ 400, ಇನ್ನೊಂದು ಕಡೆ 48.

ಟಿಎಫ್‌ಎಸ್‌ಎಯಲ್ಲಿ ಇದು ಇನ್ನೂ ಚುಚ್ಚುತ್ತದೆ. ಇಲ್ಲಿನ ನಷ್ಟವನ್ನು ತೆರಿಗೆಯಲ್ಲಿ ತೋರಿಸಲು ಬರುವುದಿಲ್ಲ, ಕರಗಿದ ಹಣದಷ್ಟು ಮಿತಿಯೂ ವಾಪಸ್ ಸಿಗುವುದಿಲ್ಲ. ಮಿತಿಯೋ, ನಮ್ಮಂಥವರಿಗೆ ಮೊದಲೇ ಕಡಿಮೆ. 2009ರಿಂದ ಇಲ್ಲೇ ಇದ್ದ ವಯಸ್ಕರಿಗೆ 2025ರ ತನಕ ಸೇರಿ 1,02,000 ಡಾಲರ್. 2016ರಲ್ಲಿ ಬಂದ ನನಗೆ 61,000 ಮಾತ್ರ. ಹೊಸದಾಗಿ ಬಂದವರು ದೊಡ್ಡ ಅಂಕಿ ನೋಡಿ ಹಾಕಿಬಿಡಬೇಡಿ. ಮಿತಿ ಮೀರಿದ ಮೊತ್ತಕ್ಕೆ ತಿಂಗಳಿಗೆ ಶೇ. 1 ತೆರಿಗೆ ಬೀಳುತ್ತದೆ.

ಕೊನೆಗೆ ಬ್ಯಾಂಕಿನ ಫಂಡಿನಲ್ಲಿದ್ದದ್ದನ್ನೂ ಸಾಗಿಸಿದೆ. ಹಣ ಕೈಗೆ ತೆಗೆದುಕೊಳ್ಳದೆ, ಖಾತೆಯಿಂದ ಖಾತೆಗೆ ನೇರ ವರ್ಗಾವಣೆಯ ಅರ್ಜಿ ಕೊಟ್ಟೆ. ಹಣ ಹೊರತೆಗೆದು ಮತ್ತೆ ಹಾಕಲು ಹೋಗಿದ್ದರೆ ಆ ಮಿತಿಗೆ ಮುಂದಿನ ಜನವರಿ 1ರ ತನಕ ಕಾಯಬೇಕಿತ್ತು. ವರ್ಗಾವಣೆಗೆ 150 ಡಾಲರ್ ಹಿಡಿದುಕೊಂಡರು. ಹಳೆಯ ಫಂಡ್ ಅಷ್ಟನ್ನು ಐದು ತಿಂಗಳೊಳಗೆ ತಿನ್ನುತ್ತಿತ್ತು.