ಮೂರು ಗೋಡೆ, ಒಂದು ಸೂರು: ಕಾರ್ ಶೆಡ್ಡಿನಲ್ಲಿ ಮಾಡಿ ನೋಡಿದ ನಾಲ್ಕು ಏರ್ಪಾಡುಗಳ ಹೋಲಿಕೆ

ಮೈಸೂರಿನ ನಮ್ಮ ಮನೆಯ ಕಾರ್ ಶೆಡ್ಡಿನ ಒಳ ಅಳತೆ 10 ಅಡಿ ಅಗಲ, 16 ಅಡಿ ಉದ್ದ. ಮೂರು ಕಡೆ ಇಟ್ಟಿಗೆಯ ಗೋಡೆ, ಮುಂದೆ ರೋಲಿಂಗ್ ಶಟರ್, ಮೇಲೆ ಕಬ್ಬಿಣದ ಪೈಪುಗಳಿಗೆ ಹೊದಿಸಿದ ಆಸ್ಬೆಸ್ಟಾಸ್ ಶೀಟು. ಕಾರು ಕೊಂಡ ಹೊಸದರಲ್ಲಿ ಆರು ತಿಂಗಳು ಮಾತ್ರ ಅದು ಒಳಗೆ ನಿಂತಿತ್ತು. ಆಮೇಲೆ ಬಚ್ಚಲಿನ ಒಲೆ ತೆಗೆಸಿದಾಗ ಹೊರಬಿದ್ದ ತಾಮ್ರದ ಹಂಡೆ, ನೆಲಕ್ಕೆ ಹಾಸಿ ಉಳಿದ ಟೈಲ್ಸು, ಅರ್ಧ ಮುಗಿದ ಬಣ್ಣದ ಡಬ್ಬಿಗಳು, ಗೊಂಬೆ ಹಬ್ಬದ ಟ್ರಂಕುಗಳು, ಸೈಕಲ್ಲು, ಏಣಿ, ಗುದ್ದಲಿ, ಪಿಕಾಸಿ, ಅಮ್ಮ ಯಾರಿಗೂ ಕೊಡಲೊಪ್ಪದ ಒರಳುಕಲ್ಲು ಎಲ್ಲವೂ ಒಂದೊಂದಾಗಿ ಅಲ್ಲಿಗೆ ಬಂದು ಸೇರಿ, ಕಾರು ಐದು ವರ್ಷ ಬೀದಿಯ ಹೊಂಗೆ ಮರದ ಕೆಳಗೆ ನಿಂತಿತು. ಹೊಂಗೆಯ ಹೂ ಉದುರುವ ಕಾಲದಲ್ಲಿ ಪ್ರತಿ ಬೆಳಿಗ್ಗೆ ಬಾನೆಟ್ಟಿನ ಮೇಲಿನ ಕಸ ಗುಡಿಸಬೇಕಾಗಿ ಬಂದಾಗ ಶೆಡ್ಡನ್ನು ತೆರವು ಮಾಡುವ ಹಟ ಹಿಡಿಯಿತು. ಮೂರು ವರ್ಷಗಳಲ್ಲಿ ನಾನು ನಾಲ್ಕು ಬಗೆಯ ಏರ್ಪಾಡುಗಳನ್ನು ಮಾಡಿ ನೋಡಿದ್ದೇನೆ. ನಾಲ್ಕೂ ಈಗಲೂ ಅಲ್ಲೇ ಇವೆ. ಆದರೆ ನಾಲ್ಕರ ಬಗೆಗೂ ನನ್ನ ಅಭಿಪ್ರಾಯ ಒಂದೇ ಅಲ್ಲ.

ಹೋಲಿಕೆಗೆ ಮೊದಲು ಲೆಕ್ಕವನ್ನು ಹೇಳಬೇಕು, ಏಕೆಂದರೆ ನಾನು ಅದನ್ನು ಮಾಡಿದ್ದು ಕೊನೆಗೆ, ಮಾಡಬೇಕಾಗಿದ್ದದ್ದು ಮೊದಲು. ನಮ್ಮದು ವ್ಯಾಗನ್ ಆರ್. ಅದರ ಅಗಲ 1,620 ಮಿಲಿಮೀಟರ್, ಉದ್ದ 3,655 ಮಿಲಿಮೀಟರ್. 10 ಅಡಿ ಅಗಲದಲ್ಲಿ ಕಾರನ್ನು ಕಳೆದರೆ ಉಳಿಯುವುದು ಸುಮಾರು 56 ಇಂಚು. ನಮ್ಮಲ್ಲಿ ಸ್ಟೀರಿಂಗು ಬಲಕ್ಕಿರುವುದರಿಂದ, ಉಳಿದವರನ್ನು ಹೊರಗೇ ಇಳಿಸಿ ಕಾರನ್ನು ಎಡಗೋಡೆಗೆ ಒಂದು ಅಡಿ ಬಿಟ್ಟು ನಿಲ್ಲಿಸಿದರೆ, ಬಲಕ್ಕೆ 44 ಇಂಚು ಸಿಗುತ್ತದೆ. ಅಲ್ಲಿ ಎರಡು ಅಡಿ ಆಳದ ಕಪಾಟು ಇಟ್ಟರೆ ನಾನು ಬಾಗಿಲು ತೆರೆದು ಇಳಿಯಲು ಉಳಿಯುವುದು 20 ಇಂಚು. 15 ಇಂಚಿನದನ್ನು ಇಟ್ಟರೆ 29 ಇಂಚು. ಉದ್ದದಲ್ಲಿ ಉಳಿಯುವ ನಾಲ್ಕು ಅಡಿಯಲ್ಲಿ ಶಟರ್ ಕಡೆಗೆ ಒಂದು ಅಡಿ ಬಿಟ್ಟರೆ ಬಂಪರಿನ ಮುಂದೆ ಮೂರು ಅಡಿ. ಈ ಎರಡು ಸಂಖ್ಯೆಗಳು ತಿಳಿದಿದ್ದರೆ ನನ್ನ ಮೊದಲ ಪ್ರಯೋಗ ನಡೆಯುತ್ತಲೇ ಇರಲಿಲ್ಲ.

ಆ ಮೊದಲ ಪ್ರಯೋಗ ಕಡಪ ಕಲ್ಲಿನದು. ಬಚ್ಚಲುಮನೆಯ ರಿಪೇರಿಗೆ ಮೇಸ್ತ್ರಿ ಮನೆಯಲ್ಲೇ ಇದ್ದರು, ಕಲ್ಲು ತರಿಸುವುದು ಸುಲಭವಿತ್ತು, ಆದ್ದರಿಂದ ಶೆಡ್ಡಿನ ಹಿಂಗೋಡೆಗೆ ಆರು ಅಡಿ ಅಗಲ, ಐದು ಅಡಿ ಎತ್ತರ, ಎರಡು ಅಡಿ ಆಳದ ಹಲಗೆಗಳನ್ನು ಎರಡು ಅಂಕಣಗಳಲ್ಲಿ ಕೂರಿಸಲು ಹೇಳಿದೆ. ಮುಕ್ಕಾಲು ಇಂಚು ದಪ್ಪದ, ಮೂರು ಅಡಿಗೆ ಎರಡು ಅಡಿಯ ಒಂದು ಕಲ್ಲು ಸುಮಾರು 28 ಕಿಲೋ ತೂಗುತ್ತದೆ, ಅಂಥವು ಎಂಟು. ಗೋಡೆ ಕೊರೆದು, ನಡುವೆ ಲಂಬ ಕಲ್ಲು ನಿಲ್ಲಿಸಿ, ಸಿಮೆಂಟು ತುಂಬಿ, ಎರಡು ದಿನಗಳಲ್ಲಿ ಕೆಲಸ ಮುಗಿಯಿತು. ಕೂಲಿ ಸೇರಿ 11,000 ರೂಪಾಯಿ ಆಯಿತು. ಗೆದ್ದಲು ಹತ್ತುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಎಂಜಿನ್ ಆಯಿಲ್ ಚೆಲ್ಲಿದರೆ ಒರೆಸಿದರೆ ಸಾಕು. ಗಟ್ಟಿತನದಲ್ಲಿ ನಾಲ್ಕರಲ್ಲಿ ಇದನ್ನು ಮೀರಿಸಿದ್ದು ಇಲ್ಲ.

ಆದರೆ ಗೊಂಬೆಯ ಟ್ರಂಕು ಒಳಗೆ ಹೋಗಲಿಲ್ಲ. ಹಲಗೆಗಳ ನಡುವೆ ಮೇಸ್ತ್ರಿ 14 ಇಂಚು ಬಿಟ್ಟಿದ್ದರು. ಟ್ರಂಕಿನ ಎತ್ತರ ಹದಿನಾಲ್ಕೂವರೆ. ನಾನೇ ಅಳತೆ ಕೊಟ್ಟವನು, ಟ್ರಂಕನ್ನು ಮಾತ್ರ ಅಳೆದಿರಲಿಲ್ಲ. ಅರ್ಧ ಇಂಚಿಗಾಗಿ ಒಂದು ಕಲ್ಲನ್ನು ಉಳಿಯಿಂದ ಬಿಡಿಸುವಾಗ ಅದು ನಡುವೆ ಸೀಳಿತು. ಕಡಪದ ನಿಜವಾದ ತೊಂದರೆ ಇದೇ: ಒಮ್ಮೆ ಕೂರಿಸಿದ ಅಂತರ ಶಾಶ್ವತ. ಎರಡನೆಯ ತೊಂದರೆ ಕಾರು ಒಳಗೆ ಬಂದ ದಿನ ತಿಳಿಯಿತು. ಬಂಪರಿಗೂ ಕಲ್ಲಿಗೂ ನಡುವೆ ಉಳಿದದ್ದು ಒಂದೇ ಅಡಿ. ಕೆಳಗಿನ ಎರಡು ಹಲಗೆಗಳಿಂದ ಏನನ್ನಾದರೂ ತೆಗೆಯಬೇಕಾದರೆ ಕಾರನ್ನು ಹಿಂದಕ್ಕೆ ತೆಗೆದು ಬೀದಿಗೆ ನಿಲ್ಲಿಸಬೇಕು. ಮೂರನೆಯದು ಆಳ. ಎರಡು ಅಡಿ ಆಳದಲ್ಲಿ ಒಂದು ವಸ್ತುವಿನ ಹಿಂದೆ ಇನ್ನೊಂದು ಸೇರಿಕೊಳ್ಳುತ್ತದೆ. ಒಂದೇ ವರ್ಷದಲ್ಲಿ ನಾನು ಇದೆಯೆಂದು ಗೊತ್ತಿಲ್ಲದೆ ಎರಡು ಸಲ ಪೈಪ್ ರಿಂಚು ಕೊಂಡೆ. ಹಳೆಯದು ಹಂಡೆಯ ಹಿಂದೆ ಇತ್ತು.

ಎರಡನೆಯ ಪ್ರಯೋಗ ಅಟ್ಟ. ನೆಲ ಖಾಲಿಯಾಗಬೇಕಾದರೆ ಎಲ್ಲವನ್ನೂ ಮೇಲಕ್ಕೆ ಏರಿಸಬೇಕೆಂಬ ಯೋಚನೆ ಯಾರಿಗಾದರೂ ಬರುವಂಥದ್ದೇ. ಆಸ್ಬೆಸ್ಟಾಸ್ ಶೀಟಿಗಾಗಲಿ ಅದನ್ನು ಹೊತ್ತ ತೆಳು ಪೈಪಿಗಾಗಲಿ ಭಾರ ನೇತುಹಾಕುವಂತಿಲ್ಲ, ಶೀಟನ್ನು ಕೊರೆಯುವುದಂತೂ ಸಲ್ಲದು, ಅದರ ದೂಳು ಶ್ವಾಸಕೋಶಕ್ಕೆ ಹಾನಿಕರ. ಹೀಗಾಗಿ ವೆಲ್ಡಿಂಗ್ ಮಾಡುವವರನ್ನು ಕರೆಸಿ, ಏಳು ಅಡಿ ಎತ್ತರದಲ್ಲಿ ಗೋಡೆಯಿಂದ ಗೋಡೆಗೆ ಚೌಕ ಪೈಪಿನ ಚೌಕಟ್ಟು ಹಾಕಿಸಿ, ಮೇಲೆ ಪ್ಲೈವುಡ್ ಹಾಸಿದೆ. ಮೂರು ಅಡಿ ಆಳ, 9,500 ರೂಪಾಯಿ ಖರ್ಚು. ಹತ್ತು ಅಡಿ ಉದ್ದಕ್ಕೆ ನಡುವೆ ಆಧಾರವಿಲ್ಲದೆ ಪೈಪು ಬಗ್ಗುತ್ತದೆಂಬುದು ಟೈಲ್ಸಿನ ಪೆಟ್ಟಿಗೆಗಳನ್ನು ಏರಿಸಿದ ವಾರದಲ್ಲೇ ಕಂಡಿತು. ಹಿಂಗೋಡೆಯಿಂದ ಓರೆಯಾಗಿ ಒಂದು ಬ್ರಾಕೆಟ್ ಕೊಡಿಸಿ ಸರಿಪಡಿಸಿದೆವು, ಟೈಲ್ಸನ್ನು ಕೆಳಗಿಳಿಸಿದೆವು.

ಅಟ್ಟದ ಅನುಕೂಲವೆಂದರೆ ಅದು ನೆಲದ ಒಂದು ಇಂಚನ್ನೂ ಕೇಳುವುದಿಲ್ಲ. ಕಾರಿನ ನೆತ್ತಿ ಐದೂವರೆ ಅಡಿ ಎತ್ತರದಲ್ಲಿರುವುದರಿಂದ ತಾಗುವ ಭಯವೂ ಇಲ್ಲ. ಅನಾನುಕೂಲ ಎರಡು. ಬೇಸಿಗೆಯಲ್ಲಿ ಶೀಟಿನಡಿಯ ಕಾವಿಗೆ ಅಗ್ಗದ ಪ್ಲಾಸ್ಟಿಕ್ ಡಬ್ಬಗಳ ಮುಚ್ಚಳ ಒಂದೇ ವರ್ಷದಲ್ಲಿ ಪುಡಿಯಾಗತೊಡಗಿತು. ಇನ್ನೊಂದು, ಇಳಿಸುವ ಕಷ್ಟ. ಮೊದಲ ನವರಾತ್ರಿಗೆ ಗೊಂಬೆಯ ಟ್ರಂಕನ್ನು ಏಣಿಯ ಮೇಲೆ ನಿಂತು ಇಳಿಸುವಾಗ, ಕೆಳಗಿನಿಂದ ಅಮ್ಮ ಅಜ್ಜಿಯ ಕಾಲದ ಪಟ್ಟದ ಗೊಂಬೆಗಳ ಚರಿತ್ರೆಯನ್ನು ನೆನಪಿಸುತ್ತಿದ್ದರು, ಹೆಂಡತಿ ಏಣಿಯನ್ನು ಹಿಡಿದು ನನ್ನ ವಯಸ್ಸನ್ನು ನೆನಪಿಸುತ್ತಿದ್ದಳು. ಟ್ರಂಕು ಸುರಕ್ಷಿತವಾಗಿ ಇಳಿಯಿತು, ಮತ್ತೆ ಏರಲಿಲ್ಲ. ಈಗ ಅಟ್ಟದಲ್ಲಿರುವುದು ಗೊಂಬೆ ಕೂರಿಸುವ ಮೆಟ್ಟಿಲಿನ ಹಲಗೆಗಳು, ಹಾಸಿಗೆಯ ಹಳೆ ಹತ್ತಿ, ಟಿವಿಯ ಖಾಲಿ ಪೆಟ್ಟಿಗೆ. ಒಂದು ಕೈಯಲ್ಲಿ ಹಿಡಿದು ಇಳಿಸಲಾಗದ್ದು ಯಾವುದೂ ಅಲ್ಲಿಲ್ಲ.

ಮೂರನೆಯದು ಸ್ಲಾಟೆಡ್ ಆಂಗಲ್ ರ‍್ಯಾಕು, ಅಂದರೆ ದಿನಸಿ ಅಂಗಡಿಗಳಲ್ಲೂ ಕಚೇರಿಯ ಕಡತಗಳ ಕೋಣೆಯಲ್ಲೂ ಕಾಣುವ ಉದ್ದಕ್ಕೂ ತೂತುಗಳಿರುವ ಕಬ್ಬಿಣದ ಕಂಬಗಳಿಗೆ ತಗಡಿನ ಹಲಗೆಗಳನ್ನು ನಟ್ಟು ಬೋಲ್ಟಿನಿಂದ ಬಿಗಿಯುವ ವ್ಯವಸ್ಥೆ. ಬಲಗೋಡೆಯ ಉದ್ದಕ್ಕೆ ಏಳು ಅಡಿ ಎತ್ತರ, ಮೂರು ಅಡಿ ಅಗಲ, 15 ಇಂಚು ಆಳದ ಮೂರು ರ‍್ಯಾಕುಗಳನ್ನು, ಒಂದೊಂದಕ್ಕೆ ಐದು ಹಲಗೆಗಳಂತೆ, 12,600 ರೂಪಾಯಿಗೆ ತಂದೆ. ನೋಡಲು ಇದು ಅಂಗಡಿಯ ಹಿಂಬದಿಯಂತೆ ಕಾಣುತ್ತದೆಂಬ ಮನೆಯವರ ಟೀಕೆಯನ್ನು ಒಪ್ಪುತ್ತೇನೆ.

ಕೊಳ್ಳುವಾಗ ಗಮನಿಸಬೇಕಾದದ್ದು ಗೇಜು. ಗೇಜಿನ ಸಂಖ್ಯೆ ಹೆಚ್ಚಿದಂತೆ ತಗಡು ತೆಳುವಾಗುತ್ತದೆ: ಕಂಬಕ್ಕೆ 14 ಗೇಜು, ಅಂದರೆ ಸುಮಾರು 2 ಮಿಲಿಮೀಟರ್, ಹಲಗೆಗೆ 20 ಗೇಜು, ಅಂದರೆ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ. ಅಂಗಡಿಯಲ್ಲಿ ಮೊದಲು ತೋರಿಸಿದ್ದು ಇದಕ್ಕಿಂತ ತೆಳುವಾದ ಹಲಗೆಯನ್ನು. ಬೆಲೆ ಕಡಿಮೆ, ಆದರೆ ನಡುವೆ ಅಂಗೈ ಒತ್ತಿದರೆ ಬಾಗುತ್ತಿತ್ತು. ಜೋಡಿಸುವಾಗ ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಹಾಕಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡು ಕರ್ಣಗಳೂ ಸಮನಾದ ಮೇಲೆ ಬಿಗಿಯಬೇಕು. ನಾನು ಮೊದಲ ರ‍್ಯಾಕಿನಲ್ಲಿ ಹಾಗೆ ಮಾಡದೆ ಅದು ವಾಲಿಕೊಂಡಿತು. ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಲು ಒಂದು ಭಾನುವಾರ ಹೋಯಿತು. ಮೇಲ್ತುದಿಯನ್ನು ಗೋಡೆಗೆ ಕ್ಲಾಂಪಿನಿಂದ ಕಟ್ಟುವುದು ಕಡ್ಡಾಯ, ಇಲ್ಲದಿದ್ದರೆ ಮಕ್ಕಳು ಹತ್ತಿದಾಗ ಮುಂದಕ್ಕೆ ಬೀಳಬಹುದು. ಮಳೆಗಾಲದಲ್ಲಿ ಶಟರಿನಡಿ ನೀರು ನುಗ್ಗುವುದರಿಂದ ಕಂಬಗಳ ಬುಡಕ್ಕೆ ಪ್ಲಾಸ್ಟಿಕ್ ಬುಷ್ ಹಾಕಿದ್ದೇನೆ. ಹಾಗಿದ್ದೂ ಶಟರಿನ ಪಕ್ಕದ ಕಾಲಿಗೆ ಎರಡನೆಯ ವರ್ಷ ತುಕ್ಕು ಕಾಣಿಸಿತು.

ಇಷ್ಟಿದ್ದರೂ ನನ್ನ ಮೆಚ್ಚುಗೆ ಇದಕ್ಕೇ, ಮತ್ತು ಅದರ ಕಾರಣ ಗಟ್ಟಿತನವಲ್ಲ, 15 ಇಂಚು. ಆ ಆಳದಲ್ಲಿ ಒಂದರ ಹಿಂದೆ ಇನ್ನೊಂದು ಅಡಗಲು ಜಾಗವಿಲ್ಲ. ಇರುವುದೆಲ್ಲವೂ ಒಂದೇ ಸಾಲಿನಲ್ಲಿ, ಕಣ್ಣೆದುರಿಗೆ ಇರುತ್ತದೆ. ಕಾರು ಒಳಗಿದ್ದಾಗಲೂ 29 ಇಂಚಿನ ಓಣಿಯಲ್ಲಿ ನಿಂತು ಮೇಲಿನ ಹಲಗೆಯನ್ನೂ ಕೆಳಗಿನದನ್ನೂ ಮುಟ್ಟಬಹುದು. ಅಂತರವನ್ನು ಇದುವರೆಗೆ ಮೂರು ಸಲ ಬದಲಿಸಿದ್ದೇನೆ, ಒಂದು ಸ್ಪ್ಯಾನರ್ ಹಿಡಿದು ಅರ್ಧ ಗಂಟೆಯ ಕೆಲಸ. ಕಡಪದ ಮುಂದೆ ಉಳಿ ಹಿಡಿದು ನಿಂತವನಿಗೆ ಇದರ ಬೆಲೆ ಗೊತ್ತು.

ಬಾಗಿಲಿರುವ ಹಳೆಯ ಸ್ಟೀಲ್ ಬೀರುವನ್ನೂ ಒಂದು ತಿಂಗಳು ಇಟ್ಟು ನೋಡಿದೆ. ಬಾಗಿಲು ತೆರೆಯಲು ಬೇಕಾದ ಜಾಗ ಕಾರಿನದೇ ಆದ್ದರಿಂದ ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ನಾಲ್ಕನೆಯದು ಎಡಗೋಡೆಯ ಕೊಕ್ಕೆಗಳು. ಗೋಡೆಗೆ ಎರಡು ಉದ್ದ ಮರದ ಪಟ್ಟಿಗಳನ್ನು ಪ್ಲಗ್ಗು ಹಾಕಿ ತಿರುಪಿನಿಂದ ಕೂರಿಸಿ, ಆ ಪಟ್ಟಿಗೆ ಬೇಕಾದಲ್ಲಿ ಕೊಕ್ಕೆ ಹೊಡೆದೆ. ಹೀಗೆ ಮಾಡಿದರೆ ಪ್ರತಿ ಕೊಕ್ಕೆಗೂ ಗೋಡೆ ಕೊರೆಯುವ, ಗಾರೆ ಉದುರಿಸುವ ಕೆಲಸ ತಪ್ಪುತ್ತದೆ. 1,500 ರೂಪಾಯಿಯೊಳಗೆ ಗುದ್ದಲಿ, ಪಿಕಾಸಿ, ಕೊಳವೆ, ಮೋಟು ಪೊರಕೆ, ಅಡ್ಡಲಾಗಿ ಏಣಿ ಎಲ್ಲವೂ ನೆಲ ಬಿಟ್ಟವು. ಖರ್ಚಿಗೆ ಹೋಲಿಸಿದರೆ ಅತಿ ಹೆಚ್ಚು ನೆಲ ಬಿಡಿಸಿಕೊಟ್ಟದ್ದು ಇದು. ಆದರೆ ಒಂದು ಅಡಿಯ ಗಡಿ ಇಲ್ಲಿ ಕಠಿಣ: ಸೈಕಲ್ಲನ್ನು ಒಂದು ಚಕ್ರದಿಂದ ನೇತುಹಾಕಿದಾಗ ಅದರ ಹ್ಯಾಂಡಲ್ ಕಾರಿನ ಕನ್ನಡಿಗೆ ತಾಗಿತು. ಸೈಕಲ್ಲು ಈಗ ತಂಗಿಯ ಮಗನ ಬಳಿ ಓಡುತ್ತಿದೆ.

ಪೆಟ್ಟಿಗೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ರಟ್ಟಿನ ಪೆಟ್ಟಿಗೆಗಳನ್ನು ನೆಲಕ್ಕೆ ತಾಗಿಸಿ ಇಟ್ಟಲ್ಲೆಲ್ಲ ಗೆದ್ದಲು ಬಂದಿತು. ಮೊಳೆ, ತಿರುಪು, ಹಳೆ ವೈರುಗಳಿಗೆ ಒಳಗಿನದು ಕಾಣುವ ಪ್ಲಾಸ್ಟಿಕ್ ಡಬ್ಬ ಒಳ್ಳೆಯದು, ಅದು ರ‍್ಯಾಕಿನ ಮೇಲಿರಲಿ, ಅಟ್ಟದಲ್ಲಿ ಬೇಡ. ಮಣ್ಣಿನ ಗೊಂಬೆಗಳಿಗೆ ಹತ್ತಿ ಬಟ್ಟೆ ಸುತ್ತಿ ತಗಡಿನ ಟ್ರಂಕೇ ಸರಿ, ಇಲಿಯ ಹಲ್ಲು ಅದಕ್ಕೆ ನಾಟುವುದಿಲ್ಲ. ತಿನ್ನರನ್ನೂ ಸೀಮೆಎಣ್ಣೆಯನ್ನೂ ನಾಲ್ಕರಲ್ಲಿ ಯಾವುದರ ಮೇಲೂ ಇಡದೆ ಹೊರಹಾಕಿದೆ. ಯುಪಿಎಸ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಅದನ್ನು ಶಟರಿನ ಹತ್ತಿರ ಗಾಳಿಯಾಡುವ ಕಡೆ ಒಂಟಿಯಾಗಿ ಇರಿಸಿದ್ದೇನೆ.

ಈಗ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಹೊಸದಾಗಿ ಆರಂಭಿಸುವುದಾದರೆ ನಾನು ಮೊದಲು ಎಡಗೋಡೆಗೆ ಪಟ್ಟಿ ಹೊಡೆಯುತ್ತೇನೆ, ಏಕೆಂದರೆ ಒಂದು ದಿನದಲ್ಲಿ ಅರ್ಧ ನೆಲ ಕಾಣಿಸುತ್ತದೆ, ಉಳಿದ ಅರ್ಧಕ್ಕೆ ನಿಜವಾಗಿ ಎಷ್ಟು ಹಲಗೆ ಬೇಕೆಂಬುದೂ ಆಗ ತಿಳಿಯುತ್ತದೆ. ಆಮೇಲೆ ಬಲಕ್ಕೆ 15 ಇಂಚಿನ ರ‍್ಯಾಕು, ಮೂರಲ್ಲ, ಎರಡೇ. ಮೂರನೆಯದು ತುಂಬಿರುವುದು ಬಿಸಾಡಬೇಕಾದ ಸಾಮಾನಿನಿಂದಲೇ ಎಂಬುದನ್ನು ಮನೆಯವರೂ ನಾನೂ ಒಪ್ಪಿಕೊಂಡಿದ್ದೇವೆ, ಬಿಸಾಡಿಲ್ಲ. ಅಟ್ಟ ಬಾಡಿಗೆ ಮನೆಯವರಿಗೆ ಬೇಡವೇ ಬೇಡ. ಸ್ವಂತ ಮನೆಯವರು ಹಗುರವಾದ ಸಾಮಾನು ಸಾಕಷ್ಟಿದ್ದರೆ ಮಾತ್ರ ಯೋಚಿಸಬಹುದು. ಕಡಪಕ್ಕೆ ಅನ್ಯಾಯ ಮಾಡಬಾರದು: ಕಲ್ಲು ಸೀಳಿ ತೆಗೆದ ಅಂಕಣದಲ್ಲಿ ಈಗ ಮೂರು ಗೊಂಬೆಯ ಟ್ರಂಕುಗಳು ಸರಿಯಾಗಿ ಕುಳಿತಿವೆ, ಅವುಗಳಿಗೆ ಎರಡು ಅಡಿ ಆಳ ಬೇಕೇ ಬೇಕಾಗಿತ್ತು, ಮತ್ತು ವರ್ಷಕ್ಕೊಮ್ಮೆ ಕಾರನ್ನು ಹೊರಗೆ ತೆಗೆಯುವುದು ದೊಡ್ಡ ಶ್ರಮವಲ್ಲ. ಎಂಟು ಕಲ್ಲಿನ ಬದಲು ಎರಡನ್ನೇ, ಟ್ರಂಕನ್ನು ಅಳೆದು, ಮಂಡಿಯೆತ್ತರಕ್ಕೆ ಹಾಕಿಸಿದ್ದರೆ ಅದರ ಮೇಲೆ ನನ್ನ ದೂರೇ ಇರುತ್ತಿರಲಿಲ್ಲ.

ಕಾರು ಈಗ ಒಳಗೆ ನಿಲ್ಲುತ್ತದೆ. ಒರಳುಕಲ್ಲಿಗೆ ಮಾತ್ರ ಯಾವ ಹಲಗೆಯೂ ಒದಗಲಿಲ್ಲ. ಅದು ಹಿಂಗೋಡೆಯ ಬಲಮೂಲೆಯಲ್ಲಿ, ಇಳಿಯುವಾಗ ಕಾಲಿಗೆ ತಾಗದಷ್ಟು ದೂರದಲ್ಲಿ, ನೆಲದ ಮೇಲೆಯೇ ಇದೆ.